ಹೊಗೆಕೋಣೆಯ ರ್‍ಯಾಪ್ ಕ್ಯಾಸೆಟ್‌ಗಳು

ಕ್ಯಾಸೆಟ್‌ಗಳನ್ನು ನೋಡುವ ಮೊದಲೇ ಅವುಗಳ ವಾಸನೆ ಒಳಗೆ ಬಂತು. ಬಾಗಿಲಲ್ಲಿ ನನ್ನ ಗೆಳೆಯ ನಿಂತಿದ್ದ, ಕಂಕುಳಲ್ಲಿ ಒಂದು ಹಳೆಯ ಬಿಸ್ಕತ್ ಡಬ್ಬಿ. ರಬ್ಬರ್ ಶೀಟನ್ನು ಹೊಗೆಕೋಣೆಯಲ್ಲಿ ಒಣಗಿಸುವಾಗಿನ ವಾಸನೆ ಗೊತ್ತಿದ್ದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಗೊತ್ತಿಲ್ಲದವರು ಹುಳಿ ಮಜ್ಜಿಗೆ ಕೆಂಡದ ಮೇಲೆ ಚೆಲ್ಲಿದಾಗ ಬರುವ ವಾಸನೆಗೆ ಸ್ವಲ್ಪ ಟಾರು ಸೇರಿಸಿಕೊಳ್ಳಬಹುದು.

"ಬೂಸ್ಟು ಹಿಡೀಲಿಲ್ಲ ನೋಡು ಮಾರಾಯ, ಒಂದಕ್ಕೂ," ಎಂದು ಅವನು ಡಬ್ಬಿಯನ್ನು ಮೇಜಿನ ಮೇಲಿಟ್ಟ.

ಅವನ ಮೂಲಮನೆ ಅಜ್ಜಾವರದಲ್ಲಿ. ಈಗ ಬೆಳ್ಳಾರೆಯಲ್ಲಿ ಮೈಕ್ ಸೆಟ್ಟಿನ ಅಂಗಡಿ ಇಟ್ಟುಕೊಂಡು ಅಲ್ಲೇ ನೆಲೆಸಿದ್ದಾನೆ. ನಾನು ಪುತ್ತೂರಿನಲ್ಲಿ ಇತಿಹಾಸ ಪಾಠ ಮಾಡುವವನು. ಮನೆಯ ಹಿಂದಿನ ಕೋಣೆಯಲ್ಲಿ ಒಂದು ಕ್ಯಾಸೆಟ್ ಡೆಕ್ಕು, ಕಂಪ್ಯೂಟರು, ಹತ್ತಿ, ಸ್ಪಿರಿಟ್ಟು, ಸಣ್ಣ ಸ್ಕ್ರೂಡ್ರೈವರುಗಳು ಇವೆ. ಮದುವೆಯ ಕ್ಯಾಸೆಟ್ ಹಿಡಿದು ಬರುವವರಿದ್ದಾರೆ, ತಾಳಮದ್ದಳೆಯದ್ದನ್ನು ತರುವವರಿದ್ದಾರೆ. ಕೈಲಾದದ್ದನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆ. ನನ್ನ ಹುಚ್ಚು ಮಾತ್ರ ಬೇರೆ. ಹುಡುಗರಾಗಿದ್ದಾಗ ನಾವಿಬ್ಬರೂ ಶಾರ್ಟ್‌ವೇವ್ ರೇಡಿಯೋದಿಂದ ಹಿಡಿದಿಟ್ಟ ರ್‍ಯಾಪ್ ಕಾರ್ಯಕ್ರಮಗಳು ನನಗೆ ಬೇಕಿದ್ದವು. ಅವು ಎಂದೋ ಹಾಳಾಗಿ ಹೋದವು ಎಂದುಕೊಂಡಿದ್ದೆ.

"ಎಲ್ಲಿತ್ತು ಇದು?"

"ಹೊಗೆಕೋಣೆಯಲ್ಲಿ. ಅವ್ವ ಇಟ್ಟದ್ದು. ಶೀಟಿಗೆ ಬೂಸ್ಟು ಹಿಡಿಯದ ಜಾಗದಲ್ಲಿ ಕ್ಯಾಸೆಟ್ಟಿಗೆ ಹಿಡೀತದಾ ಅಂತ ಅವಳ ಲೆಕ್ಕ."

ಅವನ ಅವ್ವನ ಲೆಕ್ಕ ಅರ್ಧ ಸರಿಯಾಗಿತ್ತು. ನಮ್ಮ ಕಡೆಯ ಆಟಿ ತಿಂಗಳ ಜಡಿಮಳೆಯಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಪದವಿಪತ್ರಕ್ಕೆ ಕೂಡ ಬೂಸ್ಟು ಬರುತ್ತದೆ. ನನ್ನಲ್ಲಿಗೆ ಬರುವ ಕ್ಯಾಸೆಟ್‌ಗಳಲ್ಲಿ ಹೆಚ್ಚಿನವು ಒಳಗೆ ಬಿಳಿಪುಡಿ ಹಿಡಿದವು. ಈ ಡಬ್ಬಿಯ ಟೇಪುಗಳು ಮಾತ್ರ ಕಪ್ಪಗೆ ಹೊಳೆಯುತ್ತಿದ್ದವು. ಆದರೆ ಶೀಟು ಒಣಗಿಸುವ ಕಾವಿಗೆ ಪ್ಲಾಸ್ಟಿಕ್ ಕವಚಗಳೆಲ್ಲ ಸುಟ್ಟ ಹಪ್ಪಳದ ಹಾಗೆ ಬಾಗಿದ್ದವು. ಡೆಕ್ಕಿನೊಳಗೆ ಒಂದೂ ಹೋಗುವಂತಿರಲಿಲ್ಲ.

"ಇದರಲ್ಲಿ ನಂದು ಉಂಟು. ಅದನ್ನು ಮೊದಲು ತೆಗಿ," ಎಂದ.

ಅವನದು ಎಂದರೆ ಅವನು ಸುಳ್ಯದ ಕಡೆಯ ಮನೆಮಾತಾದ ಅರೆಭಾಷೆಯಲ್ಲಿ ಹೇಳಿದ ರ್‍ಯಾಪ್. ಅದು ಆಗಿನ ಕಾಲದಲ್ಲೇ ರೇಡಿಯೋದಲ್ಲಿ ಬಂದಿತ್ತು ಎಂದು ಅವನು ಬೆಳ್ಳಾರೆಯಲ್ಲಿ ಹೇಳಿಕೊಂಡು ಬಂದವನು. ಅದಕ್ಕಾಗಿ ಅಲ್ಲಿನ ರಿಕ್ಷಾ ಸ್ಟ್ಯಾಂಡಿನಲ್ಲಿ ಅವನಿಗೆ 'ರೇಡಿಯೋ' ಎಂದೇ ಹೆಸರು. ಅವನು ಚಹಾಕ್ಕೆ ಹೊರಟರೆ ಸಾಕು, "ಏ, ರೇಡಿಯೋ ಬಂತು. ಯಾವ ಸ್ಟೇಷನ್ ಮಾರಾಯ ಇವತ್ತು?" ಎಂದು ಒಬ್ಬ ಶುರು ಮಾಡುತ್ತಾನೆ. ಇವನು ನಗುತ್ತಾನೆ. ಇಷ್ಟು ವರ್ಷ ನಕ್ಕೇ ಕಳೆದಿದ್ದಾನೆ.

ಈ ಸಲ ನಗಲಾಗಲಿಲ್ಲ. ಅವನ ಮಗಳು ಪುತ್ತೂರಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಅವಳು ಮತ್ತು ಅವಳ ಗೆಳತಿಯರು ಅರೆಭಾಷೆಯಲ್ಲಿ ರ್‍ಯಾಪ್ ಕಟ್ಟಿ ಹಾಡುತ್ತಾರೆ. ಮುಂದಿನ ಭಾನುವಾರ ಕಡಬದಲ್ಲಿ ಕಾರ್ಯಕ್ರಮ. ಅಲ್ಲಿ ಅಪ್ಪನನ್ನು ವೇದಿಕೆಗೆ ಕರೆದು, ಅರೆಭಾಷೆಯ ರ್‍ಯಾಪನ್ನು ರೇಡಿಯೋದಲ್ಲಿ ಮೊದಲು ಹೇಳಿದವರು ಇವರು ಎಂದು ಪರಿಚಯಿಸುವ ಆಸೆ ಅವಳಿಗೆ. ಗೆಳತಿಯರು ಎಲ್ಲೆಲ್ಲೋ ಹುಡುಕಿದರು, ಯಾವ ಕುರುಹೂ ಸಿಗಲಿಲ್ಲ. ನಿನ್ನ ಅಪ್ಪ ಬಂಡಲ್ ಬಿಡುದಲ್ವಾ ಎಂದು ಒಬ್ಬಳು ಕೇಳಿದಳಂತೆ. ಮಗಳು ಮನೆಗೆ ಬಂದು, ಅದು ನಿಜವಾ ಎಂದು ಅಪ್ಪನನ್ನೇ ಕೇಳಿದ್ದಳು.

"ಮೆಲ್ಲ ಕೇಳಿದ್ಲು ಮಾರಾಯ," ಎಂದ ಅವನು. "ಜೋರು ಮಾಡಿ ಕೇಳಿದ್ರೆ ನಾನೂ ಜೋರು ಮಾಡ್ತಿದ್ದೆ."

ಆಮೇಲೆ, ಪ್ರತಿ ಭೇಟಿಯಲ್ಲೂ ಕೇಳುವ ಪ್ರಶ್ನೆಯನ್ನು ಮತ್ತೆ ಕೇಳಿದ. "ನೀನು ಕೇಳಿದ್ದಿ ಅಲ್ವಾ?"

"ಕೇಳಿದ್ದೇನೆ," ಎಂದೆ. ಯಾವಾಗಲೂ ಕೊಡುವ ಉತ್ತರ ಅದೇ.

ಅವನು ಸ್ವತಃ ಅದನ್ನು ರೇಡಿಯೋದಲ್ಲಿ ಕೇಳಿದವನಲ್ಲ. ಅವನ ಮನೆಯ, ರೇಡಿಯೋ ಟೇಪು ಎರಡೂ ಇದ್ದ ಟೂ-ಇನ್-ವನ್ನಿನಲ್ಲಿ ರ್‍ಯಾಪನ್ನು ರೆಕಾರ್ಡು ಮಾಡಿ, ಅದರ ಒಂದು ಪ್ರತಿಯನ್ನು ರೇಡಿಯೋದ ಯುವಜನರ ಕಾರ್ಯಕ್ರಮಕ್ಕೆ ಅಂಚೆಯಲ್ಲಿ ಕಳಿಸಿದ್ದೆವು. ಆಮೇಲೆ ಅವನ ಸೆಟ್ಟು ಕೆಟ್ಟು ಸುಳ್ಯದ ರಿಪೇರಿ ಅಂಗಡಿಯಲ್ಲಿ ಕೂತಿತು. ನಾನು ನರಿಮೊಗರಿನಲ್ಲಿ ನನ್ನ ಅತ್ತೆಯ ಮನೆಯಲ್ಲಿದ್ದೆ. ಅಲ್ಲಿ ಒಂದು ಸಂಜೆ ಕೇಳಿದೆ ಎಂದು ಮರುದಿನ ಬಸ್ಸು ಹಿಡಿದು ಹೋಗಿ ನಾನೇ ಅವನಿಗೆ ಹೇಳಿದ್ದು. ಅಂದರೆ ಅವನ ಮಾತಿಗೆ ಇರುವ ಸಾಕ್ಷಿ ನಾನೊಬ್ಬನೇ.

ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಅಷ್ಟು ಚೆನ್ನಾಗಿ ನೆನಪಿರುವುದೇ ನನ್ನ ಅನುಮಾನಕ್ಕೆ ಕಾರಣ. "ಈಗ ಅಜ್ಜಾವರದ ಯುವಕನೊಬ್ಬನಿಂದ ಅರೆಭಾಷೆಯಲ್ಲಿ ಒಂದು ಮಾತಿನ ಹಾಡು" ಎಂದ ಉದ್ಘೋಷಕನ ಸ್ವರ ಕಿವಿಯಲ್ಲಿದೆ. 'ಮಾತಿನ ಹಾಡು' ಎನ್ನುವುದು ರ್‍ಯಾಪಿಗೆ ನಾವೇ ಇಟ್ಟುಕೊಂಡ ಹೆಸರು. ಆದರೆ ಆ ಹಾಡಿನ ನಂತರ ರೇಡಿಯೋದಲ್ಲಿ ಏನು ಬಂತು? ಗೊತ್ತಿಲ್ಲ. ಅತ್ತೆ ಏನೆಂದರು? ಗೊತ್ತಿಲ್ಲ. ಇತ್ತೀಚೆಗೆ ಅವರನ್ನೇ ವಿಚಾರಿಸಿದಾಗ, ಆ ವರ್ಷವೆಲ್ಲ ತಮ್ಮ ಟೂ-ಇನ್-ವನ್ನಿನಲ್ಲಿ ಕ್ಯಾಸೆಟ್ ಮಾತ್ರ ಓಡುತ್ತಿತ್ತು, ಸ್ಟೇಷನ್ ಹಿಡಿಯುತ್ತಿರಲಿಲ್ಲ ಎಂದರು. ಅದೇ ಉಸಿರಿನಲ್ಲಿ ನನ್ನನ್ನು ನನ್ನ ಅಣ್ಣನ ಹೆಸರಿನಿಂದ ಕರೆದರು. ಯಾರ ನೆನಪನ್ನು ನಂಬುವುದು? ವಿಶ್ವವಿದ್ಯಾನಿಲಯದಲ್ಲಿ ನಮಗೆ ಕಲಿಸಿದ್ದು ಇಷ್ಟು: ಒಬ್ಬನೇ ಸಾಕ್ಷಿ ಇದ್ದರೆ ಅವನನ್ನು ಎರಡು ಸಲ ಪ್ರಶ್ನಿಸು. ಆ ಸಾಕ್ಷಿ ನಾನೇ ಆದರೆ ಪ್ರಶ್ನಿಸುವವರು ಯಾರೆಂದು ಕಲಿಸಲಿಲ್ಲ.

ಇದನ್ನೆಲ್ಲ ಅವನಿಗೆ ಹೇಳಲಿಲ್ಲ. ಕ್ಯಾಸೆಟ್ ಇದೆಯಲ್ಲ, ಅದೇ ಹೇಳಲಿ ಎಂದುಕೊಂಡೆ.

ಬಾಗಿದ ಕವಚವನ್ನು ಬಿಚ್ಚಿ, ಟೇಪಿನ ಸುರುಳಿಗಳನ್ನು ಬೇರೆ ಒಳ್ಳೆಯ ಕವಚಕ್ಕೆ ದಾಟಿಸಬೇಕು. ಕಷ್ಟದ ಕೆಲಸವಲ್ಲ. ಆದರೆ ಸೀನಿದರೆ ಕೆಟ್ಟಿತು. ಸ್ಕ್ರೂ ತೆಗೆಯುವಾಗ ಫ್ಯಾನು ಆರಿಸಿ, ಕಿಟಕಿ ಮುಚ್ಚಿ ಕೂರುತ್ತೇನೆ. ಯಾವುದರಲ್ಲಿ ಏನಿದೆ ಎಂದು ತಿಳಿಯುವಂತಿರಲಿಲ್ಲ, ಹೊಗೆಗೆ ಚೀಟಿಗಳೆಲ್ಲ ಕಪ್ಪಾಗಿದ್ದವು. ಹಾಗಾಗಿ ಎಲ್ಲವನ್ನೂ ಒಂದೊಂದಾಗಿ ಕೇಳಬೇಕಾಯಿತು.

ಮೊದಲನೆಯದರಿಂದ ಶಾರ್ಟ್‌ವೇವಿನ ಅಲೆಯುವ ಸದ್ದು ಎದ್ದಾಗ ಕುರ್ಚಿಯನ್ನು ಡೆಕ್ಕಿನ ಹತ್ತಿರಕ್ಕೆ ಎಳೆದುಕೊಂಡೆ. ಸ್ವರ ಹತ್ತಿರ ಬಂದು ದೂರ ಹೋಗುತ್ತದೆ, ನಡುವೆ ಯಾವುದೋ ಚೀನೀ ಸ್ಟೇಷನ್ ನುಗ್ಗುತ್ತದೆ, ಮತ್ತೆ ಡ್ರಮ್ಮು, ಮತ್ತೆ ಓಡುವ ಇಂಗ್ಲಿಷು. ಆಗ ನಮಗೆ ನಾಲ್ಕು ಮಾತಿನಲ್ಲಿ ಒಂದೂ ಅರ್ಥವಾಗುತ್ತಿರಲಿಲ್ಲ. ಯಾರು ಹೇಳುತ್ತಿದ್ದಾರೆಂದೂ ಗೊತ್ತಿರಲಿಲ್ಲ. ಸಿಟ್ಟನ್ನು ತಾಳಕ್ಕೆ ಕೂರಿಸಬಹುದು ಎನ್ನುವುದಷ್ಟೇ ತಿಳಿದಿತ್ತು, ಆ ವಯಸ್ಸಿಗೆ ಅದು ಸಾಕಿತ್ತು. ಎರವಲು ತಂದ ರೇಡಿಯೋವನ್ನು ಟೇಪ್ ರೆಕಾರ್ಡರಿನ ಎದುರು ಇಟ್ಟು ರೆಕಾರ್ಡು ಮಾಡುತ್ತಿದ್ದುದರಿಂದ ಹಾಡಿನ ಜೊತೆಗೆ ನಮ್ಮ ಕೆಮ್ಮು, ನಾಯಿ ಬೊಗಳಿದ್ದು, "ಶ್, ಸುಮ್ಮನಿರಾ" ಎಂದದ್ದು ಎಲ್ಲವೂ ಬಂದಿತ್ತು. ದುಬೈಯಿಂದ ಬಂದ ನೆರೆಮನೆಯ ಬ್ಯಾರಿಗಳೊಬ್ಬರು ಕೊಟ್ಟ ಎರಡು ರ್‍ಯಾಪ್ ಕ್ಯಾಸೆಟ್‌ಗಳೂ ಡಬ್ಬಿಯಲ್ಲಿದ್ದವು, ಮೇಲೆ ಅರಬ್ಬಿ ಅಕ್ಷರದ ಬೆಲೆಚೀಟಿ. ಇಂಥವನ್ನು ಸಂಗ್ರಹಿಸುವ ಸಮುದ್ರದಾಚೆಯ ಒಬ್ಬನಿಗೆ ಒಂದು ತುಣುಕು ಕಳಿಸಿದೆ. ಆ ಕಾರ್ಯಕ್ರಮದ ಪ್ರತಿ ತಾನು ಬೇರೆಲ್ಲೂ ಕಂಡಿಲ್ಲ ಎಂದು ಬರೆದ. ಹಿಂದೆ ನಾಯಿ ಯಾಕೆ ಬೊಗಳುತ್ತದೆ ಎಂದೂ ಕೇಳಿದ.

ಶುಕ್ರವಾರದ ಹೊತ್ತಿಗೆ ಒಂದೇ ಒಂದು ಕ್ಯಾಸೆಟ್ ಉಳಿಯಿತು, ಅವನದು ಅದೇ ಇರಬೇಕು. ಅದನ್ನು ನಾನೊಬ್ಬನೇ ಕೇಳಲು ಧೈರ್ಯ ಬರಲಿಲ್ಲ. ಗೆಳೆಯನನ್ನು ಕರೆದೆ. ಅವನು ಬೆಳ್ಳಾರೆಯಿಂದ ಬಸ್ಸಿನಲ್ಲಿ ಬಂದ, ಮಗಳು ಕಾಲೇಜು ಬಿಟ್ಟು ನೇರ ಬಂದಳು. ಹಿಂದಿನ ಕೋಣೆಯಲ್ಲಿ ಮೂರು ಕುರ್ಚಿ ಹಿಡಿಯದೆ ಅವಳು ಕ್ಯಾಸೆಟ್ ಪೆಟ್ಟಿಗೆಯ ಮೇಲೆ ಕೂತಳು.

ಗುಂಡಿ ಒತ್ತಿದೆ. ಸ್ವಲ್ಪ ಹೊತ್ತು ಬರೀ ಗಾಳಿ. ಆಮೇಲೆ ಗಂಭೀರವಾದ ಗಂಡುಸ್ವರ: "ಈಗ ಅಜ್ಜಾವರದ ಯುವಕನೊಬ್ಬನಿಂದ ಅರೆಭಾಷೆಯಲ್ಲಿ ಒಂದು ಮಾತಿನ ಹಾಡು."

ಗೆಳೆಯ ಎದ್ದೇ ನಿಂತ. "ಕೇಳಿದ್ಯಾ ಮಗಳೇ! ರೇಡಿಯೋದವರೇ ಹೇಳುದು! ಬಂಡಲಾ ಇದು?"

ಅಕ್ಷರಕ್ಕೆ ಅಕ್ಷರ ನನ್ನ ನೆನಪಿನಂತೆಯೇ ಇತ್ತು. ನನ್ನ ಕಣ್ಣು ಒದ್ದೆಯಾಯಿತು. ಗಡಕ್, ಗಡಕ್ ಎಂದು ಒಂದು ಕಬ್ಬಿಣದ ತಾಳ ಶುರುವಾಯಿತು, ಅದರ ಮೇಲೆ ಒಡೆದ ಹರೆಯದ ಸ್ವರ: "ಬಸ್ಸು ಬಾತ್, ಬಸ್ಸು ಹೋತ್, ಕೈ ತೋರ್ಸಿರೂ ನಿಲ್ಲದೆ ಹೋತ್..." ನಿಲ್ಲಿಸದ ಬಸ್ಸಿನ ಮೇಲಿನ ಸಿಟ್ಟು ಅದು. ಓಡುತ್ತಾ, ಎಡವುತ್ತಾ, ತಾಳಕ್ಕಿಂತ ಮುಂದೆ ಹೋಗಿ ಮತ್ತೆ ಕಾದು ಸೇರಿಕೊಳ್ಳುತ್ತಿತ್ತು. ನಡುವೆ ಒಬ್ಬ ಹೆಂಗಸಿನ ಸ್ವರ: "ಏ, ಬೇಗ ಮುಗ್ಸು. ನನ್ನ ಕೈ ಸೋತ್."

ಮಗಳು ತಲೆಯೆತ್ತಿದಳು. "ಇದು ಯಾರು?"

"ಅವ್ವ," ಎಂದ ಗೆಳೆಯ. "ನಿನ್ನ ಅಜ್ಜಿ. ಮಿಷನಿನ ಚಕ್ರ ತಿರುಗಿಸುದು ಅವಳೇ."

ರಬ್ಬರ್ ಶೀಟು ಒತ್ತುವ ರೋಲರು ಅದು. ಕೈಯಿಂದ ಚಕ್ರ ತಿರುಗಿಸಿದರೆ ಹಲ್ಲುಗಳು ಒಂದೇ ಅಂತರದಲ್ಲಿ ಗಡಕ್ ಎನ್ನುತ್ತವೆ. ನಮಗೆ ಡ್ರಮ್ಮು ಇರಲಿಲ್ಲ. ಶೀಟು ಇಲ್ಲದ ಖಾಲಿ ಮಿಷನನ್ನು ಅವ್ವ ಬೈಯುತ್ತ ತಿರುಗಿಸಿದ್ದರು.

"ಅಜ್ಜಿ ರೇಡಿಯೋ ಸ್ಟೇಷನಿಗೂ ಹೋಗಿದ್ರಾ?" ಎಂದಳು ಮಗಳು. ತಮಾಷೆಗಲ್ಲ. ಅವಳು ಟೇಪನ್ನು ಹಿಂದಕ್ಕೆ ತಿರುಗಿಸಲು ಹೇಳಿದಳು. ಉದ್ಘೋಷಕನ ಸ್ವರದ ಹಿಂದೆಯೂ ಸಣ್ಣಗೆ ಗಡಕ್ ಕೇಳುತ್ತಿತ್ತು, ಅವ್ವ ಕೈ ಪಳಗಿಸಿಕೊಳ್ಳುತ್ತಿದ್ದರು. ಮಗಳು ನನ್ನ ಮುಖ ನೋಡಿದಳು. "ಮಾವ, ಈ ಅನೌನ್ಸರ್ ನೀವಲ್ವಾ?"

ಇನ್ನೊಮ್ಮೆ ಕೇಳಿದೆ. ಮೂಗಿನಿಂದ ಬರುವ ಆ ಗಾಂಭೀರ್ಯ, 'ಅರೆಭಾಷೆ'ಯ ನಂತರ ಅನಗತ್ಯವಾಗಿ ಎಳೆದ ಉಸಿರು. ತರಗತಿಯಲ್ಲಿ ಹಾಜರಿ ಕರೆಯುವಾಗ ಈಗಲೂ ನನ್ನ ಸ್ವರ ಹಾಗೆಯೇ. ರೇಡಿಯೋಗೆ ಕಳಿಸುವ ಕ್ಯಾಸೆಟ್ ರೇಡಿಯೋದ ಹಾಗೆಯೇ ಇರಲಿ ಎಂದು ಉದ್ಘೋಷಣೆಯನ್ನೂ ನಾವೇ ಸೇರಿಸಿರಬೇಕು. ಮಾಡಿದ್ದು ನಾನು. ಅದು ನನಗಾಗಲಿ ಅವನಿಗಾಗಲಿ ಒಂದಿಷ್ಟೂ ನೆನಪಿರಲಿಲ್ಲ, ನನಗೆ ಆ ಸ್ವರ ಮಾತ್ರ ಪೂರ್ತಿ ನೆನಪಿತ್ತು.

ಗೆಳೆಯ ಮೆಲ್ಲನೆ ಕೂತ. "ಅಂದ್ರೆ ನೀನು ನರಿಮೊಗರಿನಲ್ಲಿ ಕೇಳಿದ್ದು ಇದನ್ನಾ?"

"ಗೊತ್ತಿಲ್ಲ ಮಾರಾಯ. ಒಂದು ಪ್ರತಿ ನನ್ನತ್ರವೂ ಇದ್ದಿರಬಹುದು. ಅತ್ತೆಯ ಮನೆಯಲ್ಲಿ ಅದನ್ನೇ ಹಾಕಿರಬಹುದು. ರೇಡಿಯೋದಲ್ಲಿ ನಿಜವಾಗಿಯೂ ಬಂದು, ಅಲ್ಲಿನವರ ಸ್ವರ ಮರೆತು ನನ್ನದೇ ಉಳಿದದ್ದೂ ಇರಬಹುದು."

"ಬಂದಿರ್ಲಿಕ್ಕೂ ಸಾಕು, ಬಾರದೆ ಇರ್ಲಿಕ್ಕೂ ಸಾಕು."

"ಹೌದು."

"ಇಷ್ಟು ಕಲ್ತು ಇಷ್ಟೇನಾ ನೀನು ಹೇಳುದು?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. ಇಷ್ಟು ವರ್ಷ ರಿಕ್ಷಾ ಸ್ಟ್ಯಾಂಡಿನಲ್ಲಿ ಅವನು ನಂಬಿ ಹೇಳಿದ್ದು ನನ್ನ ಮಾತನ್ನು, ನಗೆಗೀಡಾದದ್ದು ಅವನು. ನಾನು ಸುಳ್ಳು ಹೇಳಿರಲಿಲ್ಲ. ಹಾಗೆಂದು ಅವನಿಗೆ ಅದರಿಂದ ಏನೂ ಉಪಯೋಗವಿರಲಿಲ್ಲ. ಮಗಳ ಎದುರು ಅವನು ತನ್ನ ಅಂಗೈಗಳನ್ನೇ ನೋಡುತ್ತ ಕೂತಿದ್ದ.

ಮಗಳು ಟೇಪಿನ ಕಡೆ ಬೆರಳು ತೋರಿಸಿದಳು. "ಅಪ್ಪಾ, ಇನ್ನೊಂದು ಸಲ ಹಾಕುವಾ. ಆ ಬೀಟ್ ಉಂಟಲ್ಲಾ, ಅಜ್ಜಿ ಎರಡನೇ ಸುತ್ತಿಗೆ ನಿಧಾನ ಮಾಡ್ತಾರೆ. ಬೇಕೂಂತ ಮಾಡಿದ್ದಾ?"

"ಬೇಕೂಂತ ಎಂತದ್ದು? ಕೈ ನೋವು." ಅವನಿಗೆ ನಗು ಬಂತು. "ನಾನು ಅದಕ್ಕೇ ಅಲ್ಲಿ ಉದ್ದ ಎಳ್ದದ್ದು."

ಅವರಿಬ್ಬರೂ ಅದನ್ನು ಎಷ್ಟು ಸಲ ಕೇಳಿದರೋ. ನಾನು ಚಹಾ ಮಾಡಲು ಹೋದೆ.

ಭಾನುವಾರ ಕಡಬದ ಸಭಾಭವನದಲ್ಲಿ ಧ್ವನಿವರ್ಧಕ ಅವನದೇ. ವೇದಿಕೆಯ ಬದಿಯಲ್ಲಿ ಮಿಕ್ಸರಿನ ಹಿಂದೆ ನಿಂತಿದ್ದ, ನಾನು ಪಕ್ಕದಲ್ಲಿ. ಬೆಳ್ಳಾರೆಯ ರಿಕ್ಷಾದವರು ಒಂದು ಸಾಲು ಪೂರ್ತಿ ಬಂದು ಕೂತಿದ್ದರು. ಮಗಳು ಏನು ಹೇಳುತ್ತಾಳೆಂದು ಅವನಿಗೂ ಗೊತ್ತಿರಲಿಲ್ಲ. ಕೇಳಲು ಧೈರ್ಯವಾಗಲಿಲ್ಲ ಎಂದ.

ಅವಳು ಮೈಕ್ ಹಿಡಿದು, "ನನ್ನ ಅಪ್ಪ ರೇಡಿಯೋದಲ್ಲಿ ಬಂದಿದ್ರಾ ಇಲ್ವಾ, ನಮಗೆ ಗೊತ್ತಾಗ್ಲಿಲ್ಲ," ಎಂದಳು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಆದ್ರೆ ಹೇಳಿದ್ದು ಹೌದು. ಹೇಳಿದ್ದು ಉಂಟು, ಕೇಳಿ."

ಗೆಳೆಯ ಮಿಕ್ಸರಿನ ಗುಂಡಿಯನ್ನು ಮೇಲಕ್ಕೆ ಸರಿಸಿದ. ಬಾಗಿದ ಕವಚದಿಂದ ಹೊರಬಂದ ಆ ಗಡಕ್ ಸಭಾಭವನದ ಕುರ್ಚಿಗಳಲ್ಲಿ ನಡುಗಿತು. ರಬ್ಬರ್ ಬೆಳೆಯುವ ಮನೆಯವರಿಗೆ ತಕ್ಷಣ ಸದ್ದಿನ ಗುರುತು ಸಿಕ್ಕಿತು. ಹಿಂದಿನ ಸಾಲಿನ ಹೆಂಗಸರು ಒಬ್ಬರನ್ನೊಬ್ಬರು ತಿವಿದು ನಕ್ಕರು. ಅವ್ವ "ನನ್ನ ಕೈ ಸೋತ್" ಎನ್ನುವ ಜಾಗಕ್ಕೆ ಬಂದಾಗ ಅವನು ಸ್ವರವನ್ನು ಇನ್ನಷ್ಟು ಏರಿಸಿದ. ಆ ತಾಳ ನಿಲ್ಲುವ ಮೊದಲೇ ಮಗಳು ಅದರ ಮೇಲೆ ತನ್ನ ಸಾಲನ್ನು ಹಿಡಿದಳು. ಬಸ್ಸು ಈಗಲೂ ನಿಲ್ಲುವುದಿಲ್ಲವಂತೆ.

ಮುಗಿದ ಮೇಲೆ ನಾವು ವಯರು ಸುತ್ತುತ್ತಿದ್ದಾಗ ರಿಕ್ಷಾದವರು ಬಂದರು. ಅವರಲ್ಲಿ ಹಿರಿಯನಾದವನು ಸೊಂಟಕ್ಕೆ ಕೈಯಿಟ್ಟು, "ಭಾರೀ ಆಯ್ತು ಮಾರಾಯ. ಆದ್ರೂ ಕೇಳುದು, ಯಾವ ಸ್ಟೇಷನ್ ಅದು?" ಎಂದ.

ನಾನು ವಯರು ಬಿಟ್ಟು ನಿಂತೆ. ಗೆಳೆಯ ಈ ಸಲ ನನ್ನ ಕಡೆ ತಿರುಗಿ, ನೀನು ಕೇಳಿದ್ದಿ ಅಲ್ವಾ ಎನ್ನಲಿಲ್ಲ.

"ಅಜ್ಜಾವರ ಸ್ಟೇಷನ್," ಎಂದ ಸುತ್ತುವುದನ್ನು ನಿಲ್ಲಿಸದೆ. "ಡ್ರಮ್ಮು ನನ್ನ ಅವ್ವ. ಅನೌನ್ಸರ್ ಇಲ್ಲೇ ನಿಂತಿದ್ದಾನೆ. ಬೇಕಾದ್ರೆ ಕೇಳಿ, ಈಗಲೂ ಹೇಳ್ತಾನೆ."

ಎಲ್ಲರೂ ನನ್ನನ್ನು ನೋಡಿದರು. ನಾನು ಗಂಟಲು ಸರಿಮಾಡಿಕೊಂಡೆ.