ಪೆಟ್ರೋಲ್ ದೀಪ ಹತ್ತಿದ ಆಷಾಢ ಶುಕ್ರವಾರ

ಕಳೆದ ಆಷಾಢದ ಕೊನೆಯ ಶುಕ್ರವಾರ ಬೆಳಿಗ್ಗೆ ನನ್ನ ತಂಗಿ ಮಂಗಳಾ ಹಾಸಿಗೆಯ ಮೇಲೆ ಎದ್ದು ಕೂತು, "ಅಕ್ಕ, ಕಣ್ಣೆಲ್ಲಾ ಮಂಜು ಮಂಜು ಕಾಣ್ತೈತೆ ಕಣೆ" ಅಂದಳು. ಅವಳಿಗೆ ಆಗ ಎಂಟು ತಿಂಗಳು ತುಂಬಿತ್ತು. ಹಿಂದೆ ಎರಡು ಸಲ ಬಸುರಿಯಾಗಿ ಎರಡೂ ಸಲ ಮಗು ಉಳಿದಿರಲಿಲ್ಲ. ಆ ಮಾತು ಕೇಳಿದ ಕೂಡಲೇ ಅವಳನ್ನು ಊರಿನ ಆಸ್ಪತ್ರೆಗೆ ಹೊರಡಿಸಿದೆ.

ನಾನಿರುವುದು ಮೈಸೂರಿನ ಚಾಮರಾಜಪುರಂನಲ್ಲಿ. ಹೆಣ್ಣುಮಕ್ಕಳಿಗೆ ಕಾರು ಓಡಿಸಲು ಕಲಿಸುವುದು ನನ್ನ ಕೆಲಸ. ತಂಗಿಯನ್ನು ಕೊಟ್ಟಿರುವುದು ಎಚ್.ಡಿ. ಕೋಟೆ ಕಡೆಯ ಒಂದು ಊರಿಗೆ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟ ಹತ್ತಿ ಅಮ್ಮನವರ ದರ್ಶನ ಮಾಡದೆ ನಾನು ಊಟ ಮಾಡಿದವಳಲ್ಲ. ಆದರೆ ಆ ವಾರ ಮಂಗಳಾಳ ಕಾಲು ಊದಿಕೊಂಡಿದೆ ಎಂದು ತಿಳಿದು, "ತಾಯಿ, ಈ ಸಲ ನಿನ್ನ ಸೇವೆ ಇವಳ ಮನೆಯಲ್ಲೇ" ಎಂದುಕೊಂಡು ಹಿಂದಿನ ದಿನವೇ ಬಸ್ಸು ಹತ್ತಿ ಅಲ್ಲಿಗೆ ಹೋಗಿದ್ದೆ.

ಊರಿನ ಆಸ್ಪತ್ರೆಯ ಡಾಕ್ಟರಮ್ಮ ಬಿ.ಪಿ. ನೋಡಿದವರೇ ಗಂಭೀರವಾದರು. ಒಂದು ಇಂಜೆಕ್ಷನ್ ಕೊಟ್ಟು, "ತಡ ಮಾಡ್ಬೇಡಿ, ಈಗಲೇ ಮೈಸೂರಿಗೆ ಕರ್ಕೊಂಡು ಹೋಗಿ. ತಾಯಿಗೂ ಒಳ್ಳೇದಲ್ಲ, ಮಗೂಗೂ ಒಳ್ಳೇದಲ್ಲ" ಎಂದರು. ಆಂಬುಲೆನ್ಸ್ ಆಗಷ್ಟೇ ಇನ್ನೊಬ್ಬ ರೋಗಿಯನ್ನು ಕರೆದುಕೊಂಡು ಹೊರಟಿತ್ತು. ತಂಗಿಯ ಗಂಡ ಮಹೇಶನ ಕಾರು ಬಾಗಿಲಲ್ಲೇ ಇತ್ತು. ಅವನು ಕೀಲಿಯನ್ನು ಎರಡು ಸಲ ಕೆಳಗೆ ಬೀಳಿಸಿದ್ದನ್ನು ನೋಡಿ ನಾನೇ ತೆಗೆದುಕೊಂಡೆ. ಮಂಗಳಾಳನ್ನು ಹಿಂದಿನ ಸೀಟಿನಲ್ಲಿ ಎಡಮಗ್ಗುಲಾಗಿ ಮಲಗಿಸಿ, ತಲೆಯನ್ನು ಮಹೇಶನ ತೊಡೆಯ ಮೇಲಿಟ್ಟೆವು.

ಕಾರು ಶುರುವಾದ ಕೂಡಲೇ ಪೆಟ್ರೋಲಿನ ಹಳದಿ ದೀಪ ಹತ್ತಿತು.

ನಾನು ಹೆದರಲಿಲ್ಲ. ದೀಪ ಹತ್ತಿದರೆ ಟ್ಯಾಂಕು ಬರಿದಾಯಿತೆಂದು ಅರ್ಥವಲ್ಲ, ರಿಸರ್ವ್ ಶುರುವಾಯಿತೆಂದು ಅರ್ಥ ಎಂದು ಕಲಿಯಲು ಬರುವವರಿಗೆಲ್ಲ ಹೇಳುವವಳು ನಾನು. ಸಾಮಾನ್ಯವಾಗಿ ನಾಲ್ಕೈದು ಲೀಟರ್ ಉಳಿದಿರುವಾಗಲೇ ಚಿಕ್ಕ ಕಾರುಗಳಲ್ಲಿ ದೀಪ ಹತ್ತುತ್ತದೆ. ಅಷ್ಟರಲ್ಲಿ ಮೈಸೂರೇನು, ಮೈಸೂರು ದಾಟಿಯೂ ಹೋಗಬಹುದು. ಮಹೇಶನನ್ನು ಕೇಳಿದೆ, "ದೀಪ ಈಗ ಹತ್ತಿದ್ದೋ, ಮುಂಚೇನೇ ಹತ್ತಿತ್ತೋ?"

"ಮೊನ್ನೇನೇ ಹತ್ಕೊಂಡಿತ್ತು ಕಣಕ್ಕ. ಆಮೇಲೆ ಎಷ್ಟು ಓಡ್ಸಿದ್ದೀನೋ ಗ್ಯಾನ ಇಲ್ಲ. ಹಾಕುಸ್ಬೇಕು ಅಂತಿದ್ದೆ, ಇವಳ ಚಿಂತೇಲಿ ಮರ್ತೇಬುಟ್ಟೆ."

ಆಗ ಮಾತ್ರ ನನಗೆ ಹೆದರಿಕೆಯಾಯಿತು. ರಿಸರ್ವ್ ಎಷ್ಟೆಂದು ಗೊತ್ತಿದ್ದರೆ ಸಾಲದು, ಅದರಲ್ಲಿ ಎಷ್ಟು ಖರ್ಚಾಗಿದೆ ಎಂಬುದೂ ಗೊತ್ತಿರಬೇಕು. ಊರಾಚೆಯ ಬಂಕಿಗೆ ಹೋದರೆ ಕರೆಂಟಿರಲಿಲ್ಲ, ಜನರೇಟರ್ ಕೆಟ್ಟಿತ್ತು. ಅದರ ಮುಂದಿನ ಬಂಕಿನಲ್ಲಿ ಹಗ್ಗ ಕಟ್ಟಿ, ಪೆಟ್ರೋಲ್ ಇಲ್ಲವೆಂದು ಬೋರ್ಡು ನೇತುಹಾಕಿದ್ದರು. ಎ.ಸಿ. ಆರಿಸಿ ಕಿಟಕಿ ಇಳಿಸಿದೆ. ಜೋರೂ ಅಲ್ಲದೆ, ತೀರಾ ನಿಧಾನವೂ ಅಲ್ಲದೆ ಒಂದೇ ಸಮನೆ ಓಡಿಸಿದೆ. ಬ್ರೇಕ್ ಮುಟ್ಟುವುದೂ ನನಗೆ ಪೆಟ್ರೋಲ್ ಚೆಲ್ಲಿದಂತೆ ಅನ್ನಿಸುತ್ತಿತ್ತು. ಹಿಂದಿನಿಂದ ಮಂಗಳಾ ಒಂದೇ ಸಮನೆ "ತಲೆ ಸಿಡೀತೈತೆ, ತಲೆ ಸಿಡೀತೈತೆ" ಅನ್ನುತ್ತಿದ್ದಳು.

ಒಂದು ಏರಿನ ನಡುವೆ ಕಾರು ಎರಡು ಸಲ ಮುಗ್ಗರಿಸಿ ನಿಂತುಬಿಟ್ಟಿತು.

ಮಹೇಶ ಇಳಿದು, ಬರುವ ಗಾಡಿಗಳಿಗೆಲ್ಲ ಕೈ ಅಡ್ಡ ಹಿಡಿದ. ಜನ ತುಂಬಿದ್ದ ಒಂದು ಜೀಪು ನಿಲ್ಲದೇ ಹೋಯಿತು. ಕಾರೊಂದು ನಿಧಾನ ಮಾಡಿದಂತೆ ಮಾಡಿ ವೇಗ ಹೆಚ್ಚಿಸಿಕೊಂಡಿತು. ಆಂಬುಲೆನ್ಸ್‌ಗೆ ಫೋನ್ ಮಾಡಿದರೆ ಬರಲು ಇನ್ನೂ ಹೊತ್ತಾಗುತ್ತದೆ ಎಂದರು. ನಾನು ಸ್ಟೀರಿಂಗಿಗೆ ಹಣೆ ಇಟ್ಟೆ. ಮಂತ್ರ ಬರಲಿಲ್ಲ, ಸ್ತೋತ್ರ ಬರಲಿಲ್ಲ. "ಅಮ್ಮಾ, ಇವತ್ತು ನಿನ್ನ ದಿನ. ನಾನಂತೂ ಬೆಟ್ಟಕ್ಕೆ ಬರಲಾಗಲಿಲ್ಲ. ನೀನೇ ಇಳಿದು ಬಾ" ಎಂದೆ. ಅಷ್ಟೇ.

ತಾಯಿಯ ಮಕ್ಕಳೇ, ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ. ಆಕಾಶವಾಣಿಯಾಗಲಿಲ್ಲ, ಗಂಟೆಯ ಸದ್ದು ಕೇಳಲಿಲ್ಲ. ಎದೆಯ ಬಡಿತ ಮಾತ್ರ ತಟ್ಟನೆ ಇಳಿಯಿತು. ಯಾರೋ ಹಿಂದಿನಿಂದ ಹೆಗಲ ಮೇಲೆ ಕೈಯಿಟ್ಟ ಹಾಗೆ ಸಮಾಧಾನವಾಯಿತು. ಆ ಸಮಾಧಾನದಲ್ಲಿ ಒಂದು ವಿಷಯ ಹೊಳೆಯಿತು. ಕಾರು ನಿಂತಿರುವುದು ಏರಿನಲ್ಲಿ. ಮೂತಿ ಮೇಲಕ್ಕಿದೆ. ತಳದಲ್ಲಿ ಉಳಿದ ಚೂರು ಪೆಟ್ರೋಲ್ ಟ್ಯಾಂಕಿನ ಹಿಂಬದಿಗೆ ಸರಿದಿದ್ದರೆ, ಅದನ್ನು ಎಂಜಿನ್‌ಗೆ ಎತ್ತಿಕೊಡುವ ಪಂಪಿಗೆ ಸಿಗುವುದಿಲ್ಲ. ಸಿಗದಿದ್ದ ಮಾತ್ರಕ್ಕೆ ಇಲ್ಲವೆಂದಲ್ಲ!

"ಮಹೇಶ, ಹಿಂದೆ ಗಾಡಿ ಬರ್ತಾವಾ ನೋಡ್ಕೋ" ಎಂದು ಕೂಗಿ, ಹ್ಯಾಂಡ್‌ಬ್ರೇಕ್ ಹಿಡಿದು ಬಿಡುತ್ತಾ ಕಾರನ್ನು ಮೆಲ್ಲಗೆ ಸಮತಟ್ಟಿಗೆ ಇಳಿಸಿದೆ. ಸ್ವಲ್ಪ ಕಾದೆ. ಕೀಲಿಯನ್ನು ಅರ್ಧ ತಿರುಗಿಸಿ ಪಂಪಿನ ಗುಂಯ್ ಸದ್ದು ಕೇಳಿಸಿಕೊಂಡೆ. ಇನ್ನೊಮ್ಮೆ ಹಾಗೇ ಮಾಡಿ ಪೂರ್ತಿ ತಿರುಗಿಸಿದೆ. ಎಂಜಿನ್ ಹೊತ್ತಿಕೊಂಡಿತು! ಮಹೇಶ ಓಡಿ ಬಂದು ಹತ್ತಿದ. ಈ ಸಲ ಕೆಳಗಿನಿಂದಲೇ ವೇಗ ಹಿಡಿದು, "ಜಯ ಚಾಮುಂಡಿ" ಎಂದು ಏರು ದಾಟಿಸಿಬಿಟ್ಟೆ.

ಆಚೆಯ ಇಳಿಜಾರನ್ನು ಆಕ್ಸಿಲರೇಟರ್ ಮುಟ್ಟದೆ, ಪೆಟ್ರೋಲ್ ಉಳಿಯಲೆಂದು ಗೇರಿನಲ್ಲೇ ಇಳಿದೆವು. ಮುಂದೆ ಚಪ್ಪಟೆ ರಸ್ತೆ. ಒಂದಷ್ಟು ದೂರ ಓಡಿತು. ಆಮೇಲೆ ಎಂಜಿನ್ ತಾನಾಗಿಯೇ ನಿಂತು, ಕಾರು ಉರುಳಿಕೊಂಡು ಹೋಗಿ ಒಂದು ಹುಣಸೆ ಮರದ ಕೆಳಗೆ ನಿಂತಿತು. ಈ ಬಾರಿ ಉಪಾಯವಿರಲಿಲ್ಲ. ಟ್ಯಾಂಕು ನಿಜಕ್ಕೂ ಬರಿದಾಗಿತ್ತು. ಮಂಗಳಾ ಮಾತು ನಿಲ್ಲಿಸಿದ್ದಳು. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಆಗ ಮೈಸೂರಿನ ಕಡೆಯಿಂದ ಒಂದು ಹಳೆಯ ಬೈಕು ಬಂತು. ನಡುವಯಸ್ಸಿನ ಗಂಡ ಹೆಂಡತಿ. ನಮ್ಮನ್ನು ದಾಟಿ ಮುಂದೆ ಹೋದವರು ತಿರುಗಿಸಿಕೊಂಡು ಬಂದರು. ಆಕೆಯ ಹಣೆಯ ತುಂಬ ಕುಂಕುಮ, ಮುಡಿಯಲ್ಲಿ ಹೂವು, ಕೈಯಲ್ಲಿ ಪ್ರಸಾದದ ಚೀಲ.

"ಯಾಕವ್ವ ನಿಂತ್ಬುಟ್ಟಿದ್ದೀರಿ?" ಎಂದು ಕೇಳುತ್ತಲೇ ಆಕೆ ಕಾರಿನೊಳಗೆ ಇಣುಕಿದರು. "ಅಯ್ಯೋ, ಬಸ್ರಿ ಎಂಗಸು ಕಣ್ರೀ! ಅದಕ್ಕೇ ನಂಗೆ ಮನಸು ತಡೀಲಿಲ್ಲ, ತಿರುಗ್ಸಿ ತಿರುಗ್ಸಿ ಅಂದೆ ನೋಡಿ."

"ಪೆಟ್ರೋಲ್ ಮುಗ್ದೋಯ್ತಮ್ಮ" ಎಂದೆ. ನನಗೆ ಅಳು ಬಂದುಬಿಟ್ಟಿತು.

ಆಕೆಯ ಗಂಡ ಕೂಡಲೇ ಇಳಿದರು. ಬೈಕಿನ ಟ್ಯಾಂಕಿನ ಕೆಳಗೆ ಕೈಹಾಕಿ ಪೈಪು ಕಳಚಿ, ನೀರಿನ ಬಾಟಲಿ ಖಾಲಿ ಮಾಡಿ ಹಿಡಿದರು. ಪೆಟ್ರೋಲ್ ಸಣ್ಣಗೆ ಸುರಿಯಿತು. ಬಾಟಲಿ ತುಂಬುತ್ತಾ ಬಂದಂತೆ ಧಾರೆ ಹನಿಯಾಗಿ ನಿಂತುಹೋಯಿತು. ನನಗೆ ಸಂಕೋಚವಾಯಿತು. "ಎಲ್ಲಾ ಕೊಟ್ಬುಟ್ರಲ್ಲ, ನೀವೆಂಗೆ ಹೋಗ್ತೀರಿ?"

ಅವರು ಪೈಪು ಸಿಕ್ಕಿಸಿ, ಟ್ಯಾಂಕಿನ ಕೆಳಗಿನ ಪುಟ್ಟ ನಲ್ಲಿಯನ್ನು ರಿಸರ್ವ್‌ಗೆ ತಿರುಗಿಸಿದರು. "ನಮ್ಗೆ ರಿಸರ್ವ್ ಐತೆ ಕಣಮ್ಮ. ನಮ್ಮೂರು ಇಲ್ಲೇ. ನೀವು ಹೊರಡಿ" ಎಂದರು.

ರಟ್ಟನ್ನು ಸುತ್ತಿ ಆಲಿಕೆ ಮಾಡಿ ಮಹೇಶ ಪೆಟ್ರೋಲ್ ಹುಯ್ಯುತ್ತಿದ್ದ. ಆಕೆ ಚೀಲದಿಂದ ಕುಂಕುಮ ತೆಗೆದು ಮಂಗಳಾಳ ಹಣೆಗಿಟ್ಟರು. "ಬೆಟ್ಟದಿಂದ ಈಗ ತಾನೆ ಬತ್ತಿದ್ದೀವಿ ಕಣವ್ವ. ಅಮ್ನೋರು ನಿನ್ ಜೊತೇಗವ್ರೆ, ಎದುರ್ಕೋಬೇಡ" ಎಂದರು. ಮಂಗಳಾ ಕಣ್ಣು ಬಿಟ್ಟು ಆಕೆಯ ಕೈ ಹಿಡಿದುಕೊಂಡಳು. ನೀನೇ ಇಳಿದು ಬಾ ಎಂದು ನಾನು ಕರೆದಿದ್ದೆ. ತಾಯಿ ಬಂದಿದ್ದಳು.

ಮುಂದಿನ ಬಂಕಿನವರೆಗೆ ಆ ಪೆಟ್ರೋಲ್ ಸಾಕಾಯಿತು. ಅಲ್ಲಿ ತುಂಬಿಸಿಕೊಂಡು ನೇರ ಮೈಸೂರಿನ ಆಸ್ಪತ್ರೆ ಸೇರಿದೆವು. ಮಂಗಳಾಳನ್ನು ಸ್ಟ್ರೆಚರಿನಲ್ಲೇ ಆಪರೇಷನ್‌ಗೆ ಕರೆದೊಯ್ದರು. ಬಾಗಿಲ ಹೊರಗೆ ಮಹೇಶ ಗೋಡೆಗೆ ಮುಖ ಮಾಡಿ ನಿಂತಿದ್ದ. ನನಗೆ ಮಾತ್ರ ಭಯವೆಲ್ಲ ಆ ಹುಣಸೆ ಮರದಡಿಯಲ್ಲೇ ಉಳಿದುಹೋದಂತೆ ಅನ್ನಿಸುತ್ತಿತ್ತು. "ಅಳಬೇಡ ಕಣೋ, ಇಷ್ಟು ದೂರ ಕರ್ಕೊಂಡು ಬಂದ ತಾಯಿ ಬಾಗ್ಲಲ್ಲಿ ಕೈ ಬಿಡ್ತಾಳಾ?" ಎಂದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬೆಕ್ಕಿನ ಮರಿಯಂಥ ಸಣ್ಣ ಅಳು ಕೇಳಿಸಿತು.

ಹೆಣ್ಣು ಮಗು. ತೂಕ ಕಡಿಮೆಯೆಂದು ಕೆಲವು ವಾರ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಮಂಗಳಾಳ ಬಿ.ಪಿ. ಹತೋಟಿಗೆ ಬಂತು, ಕಣ್ಣೂ ತಿಳಿಯಾಯಿತು. "ಇನ್ನೂ ತಡವಾಗಿದ್ರೆ ಕಷ್ಟ ಇತ್ತು. ಸರಿಯಾದ ಹೊತ್ತಿಗೆ ಬಂದ್ರಿ" ಎಂದರು ಆಪರೇಷನ್ ಮಾಡಿದ ಡಾಕ್ಟರು.

ಈಗ ಮಗು ದುಂಡಗಾಗಿದೆ, ಅಂಬೆಗಾಲಿಡುತ್ತಿದೆ. ಮಹೇಶ ಮುಳ್ಳು ಅರ್ಧಕ್ಕೆ ಬರುವುದರೊಳಗೆ ಪೆಟ್ರೋಲ್ ಹಾಕಿಸುತ್ತಾನೆ. ನಾನು ಹೊಸದಾಗಿ ಕಲಿಯಲು ಬರುವವರಿಗೆ ಹೇಳುವುದಿಷ್ಟು: ನಿಮ್ಮ ಕಾರಿನ ಟ್ಯಾಂಕು ಎಷ್ಟು ಹಿಡಿಯುತ್ತದೆ, ದೀಪ ಎಷ್ಟಕ್ಕೆ ಹತ್ತುತ್ತದೆ ಎಂದು ತಿಳಿದುಕೊಳ್ಳಿ, ದೀಪ ಹತ್ತಿದ ಮೇಲೆ ಓಡಿದ ದೂರ ನೆನಪಿಡಿ. ತಾಯಿ ಕಾಯುತ್ತಾಳೆ, ನಿಜ. ಹಾಗೆಂದು ಅವಳನ್ನು ದಿನಾ ರಸ್ತೆಗೆ ಇಳಿಸಬಾರದು.

ಮಗುವಿಗೆ ಐದು ತಿಂಗಳಾದಾಗ ಎಲ್ಲರೂ ಬೆಟ್ಟಕ್ಕೆ ಹೋದೆವು. ಮಂಗಳಾ ಮಗುವನ್ನು ಎತ್ತಿ ಅಮ್ಮನವರಿಗೆ ತೋರಿಸಿದಳು. ನಾನು ಅರ್ಚನೆಗೆ ಮಗುವಿನ ಹೆಸರು ಹೇಳಿ, "ಇನ್ನಿಬ್ಬರಿಗೂ ಮಾಡಿ ಸ್ವಾಮಿ, ಗಂಡ ಹೆಂಡತಿ" ಎಂದೆ.

"ಹೆಸರು, ನಕ್ಷತ್ರ ಹೇಳಿಮ್ಮ" ಎಂದರು ಅರ್ಚಕರು.

"ಗೊತ್ತಿಲ್ಲ. ಅವತ್ತು ಕೇಳೋಕೆ ಹೊತ್ತಿರಲಿಲ್ಲ. ಅಮ್ಮನಿಗೆ ಗೊತ್ತು."

ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಇನ್ನೇನೂ ಕೇಳದೆ ಹೂವು ಕುಂಕುಮ ತೆಗೆದುಕೊಂಡು ಗರ್ಭಗುಡಿಯ ಕಡೆ ತಿರುಗಿದರು. ನಾವೆಲ್ಲ ಕೈ ಮುಗಿದು ನಿಂತೆವು.