ಮಿದುಳಿಗೆ ನೋವಿಲ್ಲ ಎನ್ನುವ ಡಾಕ್ಟರ್

ಮುಂಬೈಯ ಮುಲುಂಡಿನ ಆಸ್ಪತ್ರೆಯಲ್ಲಿ ಮಿದುಳಿನ ಆಪರೇಷನ್ ಮಾಡುವ ಡಾಕ್ಟರ್ ಕರ್ಕೇರರನ್ನು ನೋಡಿದರೆ, ಜಗತ್ತಿನಲ್ಲಿ ನೋವಾಗುವುದು ಅವರ ಟೈಮ್‌ಟೇಬಲ್ಲಿಗೆ ಮಾತ್ರ ಎಂದು ರಂಜನಾಳಿಗೆ ಅನಿಸುತ್ತದೆ. ಅರಿವಳಿಕೆ ಕೊಡುವ ಡಾಕ್ಟರ್ ಅವಳು. ಎಚ್ಚರವಾದ ಮೇಲೆ ನೋವು ಕಾಡದಿರಲೆಂದು, ತಲೆ ಕೊಯ್ಯುವ ಮೊದಲು ತಲೆಚರ್ಮದ ನರಗಳನ್ನು ಮರಗಟ್ಟಿಸುವ ಸೂಜಿಯನ್ನು ಅವಳು ಕೈಗೆತ್ತಿಕೊಂಡರೆ ಸಾಕು, ಕರ್ಕೇರರು ಗೋಡೆ ಗಡಿಯಾರ ನೋಡಿ ಮೂಗು ಮುರಿಯುತ್ತಾರೆ. "ಎಂಥದ್ದು ಮಾರಾಯ್ತಿ, ಮಿದುಳಿಗೆ ನೋವೇ ಇಲ್ಲ, ಓದ್ಲಿಲ್ವಾ ನೀನು?" "ಚರ್ಮಕ್ಕೆ ಇದೆಯಲ್ಲ ಸರ್" ಎಂದರೆ ಕೇಳಿಸದವರಂತೆ ಹಳೆಯ ಹಿಂದಿ ಹಾಡು ಗುನುಗುತ್ತಾ, ಸೂಜಿ ಚುಚ್ಚಲು ಬಿಡದೆ ಕತ್ತಿ ಎತ್ತಿಕೊಳ್ಳುತ್ತಾರೆ. ಮಾರನೆಯ ಬೆಳಿಗ್ಗೆ ಸೆಂಟು ಘಮಘಮಿಸುತ್ತಾ ರೌಂಡ್ಸಿಗೆ ಬರುತ್ತಾರೆ. ಕಟ್ಟಡ ಕೆಲಸದ ಭಾಗವ್ವ ಬ್ಯಾಂಡೇಜು ಹಿಡಿದುಕೊಂಡು, "ತಲಿ ಸಿಡ್ದ ಹೋಗಾಕತ್ತೈತ್ರಿ ಸಾಹೇಬ್ರ" ಎಂದು ಅತ್ತರೆ, "ಆಪರೇಷನ್ ಫಸ್ಟ್ ಕ್ಲಾಸ್!" ಎಂದು ಅವಳಿಗೇ ಸ್ಕ್ಯಾನ್ ತೋರಿಸುತ್ತಾರೆ. ನೋವೆಂದು ನರಳುವವರೆಲ್ಲ ಅವರ ಪಾಲಿಗೆ ನಾಟಕದವರು, ಹಲ್ಲು ಕಚ್ಚಿ ಬಿದ್ದುಕೊಂಡವರು ಮಾತ್ರ ಒಳ್ಳೆಯ ಪೇಶೆಂಟು. ಕಳೆದ ತಿಂಗಳು ಕರ್ಕೇರರ ತಾಯಿಯ ತಲೆಯಲ್ಲೇ ಗಡ್ಡೆ ಕಾಣಿಸಿತು. ಆಪರೇಷನ್ನಿಗೆ ಬಂದ ಬೇರೆ ಸರ್ಜನ್, ರಂಜನಾ ಸೂಜಿ ಎತ್ತಿಕೊಂಡದ್ದೇ ತಡ, ಗಡಿಯಾರ ನೋಡಿದರು. "ಸ್ವಲ್ಪ ತಡೀರಿ" ಎಂದು ಕರ್ಕೇರರು ಅಡ್ಡ ಬಂದರು. ತಾಯಿಯ ಬೋಳಿಸಿದ ತಲೆಯ ಮೇಲೆ, ಹುಬ್ಬಿನಿಂದ ಕಿವಿಯ ಹಿಂದಿನವರೆಗೆ, ಸೂಜಿ ಚುಚ್ಚಬೇಕಾದ ಒಂದೊಂದು ಜಾಗವನ್ನೂ ತಪ್ಪಿಲ್ಲದೆ ಬೆರಳಿಟ್ಟು ತೋರಿಸಿದರು. "ನಿಧಾನ ಮಾಡು ಮಾರಾಯ್ತಿ, ಒಂದನ್ನೂ ಬಿಡ್ಬೇಡ."