ಸೋತವರ ಮನೆಯ ಮಂಡಕ್ಕಿ

ಸ್ಕಾಟ್ಲೆಂಡ್ ಸೋತಿತೆಂದರೆ ವಿಶಾಖಪಟ್ಟಣದ ನಮ್ಮ ಬೀದಿಗೆಲ್ಲ ಒಗ್ಗರಣೆಯ ಘಮ. ಫುಟ್‌ಬಾಲಾಗಲಿ, ರಗ್ಬಿಯಾಗಲಿ, ಆ ತಂಡ ಮುಗ್ಗರಿಸಿದ ಮರುದಿನ ಸಂಜೆ ಪಕ್ಕದ ಮನೆಯ ಗುರುಪಾದಪ್ಪನವರು ಮಂಡಕ್ಕಿ ಒಗ್ಗರಣೆ ಹಾಕಿ, ಮೆಣಸಿನಕಾಯಿ ಬಜ್ಜಿ ಕರಿದು ನೆರೆಹೊರೆಯವರನ್ನು ಕರೆಯುತ್ತಿದ್ದರು. ಆ ತಂಡದ ಪುಣ್ಯಾತ್ಮರೋ, ಸೋಲುವುದರಲ್ಲಿ ಜಿಪುಣತನ ತೋರಿದವರಲ್ಲ. ನಮ್ಮ ಹೊಟ್ಟೆ ತಣ್ಣಗಿತ್ತು.

"ಗೆದ್ದವ್ರ ಮನ್ಯಾಗ ಊರೆಲ್ಲ ಉಣ್ತದ್ರೀ. ಸೋತವ್ರ ಮನಿಗೆ ಯಾರ್ ಬರ್ತಾರ?" ಎನ್ನುವುದು ಅವರ ಮಾತು.

ಹಾವೇರಿಯವರು. ಬಂದರಿಗೆ ಗುಮಾಸ್ತರಾಗಿ ಬಂದು, ತೆಲುಗಿನ ಸುಜಾತಮ್ಮನವರನ್ನು ಮದುವೆಯಾಗಿ ಇಲ್ಲೇ ನಿಂತುಬಿಟ್ಟಿದ್ದರು. ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ಮೈಸೂರಿನಿಂದ ಬಂದವನು. ಎಲ್ಲ ಬಿಟ್ಟು ಸ್ಕಾಟ್ಲೆಂಡ್ ಯಾಕೆ ಸಾರ್ ಎಂದು ಒಮ್ಮೆ ಕೇಳಿದೆ.

"ಒಲಿಂಪಿಕ್ಸ್‌ನಾಗ ಆ ಹುಡುಗ್ರು ಪದಕ ಗೆದ್ರ ಬ್ರಿಟನ್ ಗೆದ್ದಂಗ. ಫುಟ್‌ಬಾಲ್‌ನಾಗ ಸೋತ್ರ ಮಾತ್ರ ಸ್ಕಾಟ್ಲೆಂಡ್. ನನ್ನ ಹಣೇಬರಾನೂ ಹಂಗ ಐತಿ ನೋಡ್ರಿ. ಇಲ್ಲಿ ನಾ ಕನ್ನಡದಾಂವ, ಊರಿಗೆ ಹೋದ್ರ ತೆಲುಗಿನಾಂವ!" ಎಂದು ಹೊಟ್ಟೆ ಕುಣಿಸಿ ನಕ್ಕರು.

ಅವರ ಮಗಳು ಮಾಧವಿ ಓಟಗಾರ್ತಿ. ವಿಜಯವಾಡದಲ್ಲಿ ರಾಜ್ಯಮಟ್ಟದ ಓಟವಿತ್ತು. ಗೆದ್ದರೆ ರಾಷ್ಟ್ರೀಯ ಕೂಟಕ್ಕೆ ಆಯ್ಕೆ. ನಾನೂ ಜೊತೆಗೆ ಹೋಗಿದ್ದೆ. ಕೊನೆಯ ತಿರುವಿನವರೆಗೂ ಮುಂದಿದ್ದ ಹುಡುಗಿ ಕಾಲು ಸೋತು ಹಿಂದೆ ಬಿದ್ದಳು. ಮೈದಾನದಲ್ಲೇ ಕೂತು ಬೂಟು ಬಿಚ್ಚಿ, "ಇನ್ನ ನಾ ಓಡೂದಿಲ್ಲ ನಾನ್ನಾ" ಎಂದು ಅಪ್ಪನಿಗೆ ಹೇಳಿದಳು. ಅಪ್ಪನನ್ನು ಅವಳು ಕರೆಯುತ್ತಿದ್ದುದು ತಾಯಿಯ ತೆಲುಗಿನಲ್ಲಿ, ನಾನ್ನಾ ಎಂದೇ. ಯಾವುದೋ ದೇಶದ ಸೋಲಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದ ಮನುಷ್ಯ ತುಟಿ ಪಿಟಕ್ಕೆನ್ನಲಿಲ್ಲ. ರೈಲಿನಲ್ಲೂ ಕಿಟಕಿಯಾಚೆಗೇ ನೋಡುತ್ತ ಕೂತರು. ನನಗೆ ಅವರ ಮೇಲೆ ಸಿಟ್ಟೇ ಬಂತು.

ಮರುದಿನ ಸಂಜೆ ಅವರ ಮನೆಗೆ ಹೋದೆ. ಒಲೆ ಹೊತ್ತಿರಲಿಲ್ಲ. ಕೋಣೆಯಿಂದ ಎದ್ದು ಬಂದ ಮಾಧವಿ ಅಪ್ಪನ ಎದುರು ನಿಂತಳು.

"ಯಾರೋ ಸೋತ್ರ ಓಣಿಗೆಲ್ಲ ಮಂಡಕ್ಕಿ. ನಾ ಸೋತ್ರ ಏನೂ ಇಲ್ಲೇನು ನಾನ್ನಾ?"

ಗುರುಪಾದಪ್ಪನವರ ಮುಖ ಸಣ್ಣದಾಯಿತು. "ತಪ್ಪಾತವ್ವಾ. ಮಂದಿ ಸೋಲು ಸಲೀಸಾಗಿ ಇಳೀತಿತ್ತು. ನಿಂದು ಗಂಟಲ್ದಾಗ ಸಿಕ್ಕೊಂತು" ಎಂದು ಕಣ್ಣೊರೆಸಿಕೊಳ್ಳುತ್ತ ಅಡುಗೆಮನೆಗೆ ನಡೆದರು. ಈರುಳ್ಳಿ ಹೆಚ್ಚಿದ್ದು ಮಾಧವಿ. ಅಂದಿನ ಮಂಡಕ್ಕಿಗೆ ಉಪ್ಪು ಜಾಸ್ತಿಯಾಗಿತ್ತು, ಬೀದಿಯವರು ಯಾರೂ ಬಾಯಿ ಬಿಡಲಿಲ್ಲ. ಆ ವಾರವೇ ಅವಳು ಮತ್ತೆ ಬೂಟು ಕಟ್ಟಿದಳು.

ಗುರುಪಾದಪ್ಪನವರು ತೀರಿಕೊಂಡ ಮೇಲೆ, ಸ್ಕಾಟ್ಲೆಂಡಿನ ಗಂಡಸರ ಫುಟ್‌ಬಾಲ್ ತಂಡ ಎಷ್ಟೋ ವರ್ಷಗಳ ನಂತರ ಗೆದ್ದು ವಿಶ್ವಕಪ್ಪಿಗೆ ಅರ್ಹವಾಯಿತು. ಇನ್ನೊಂದಿಷ್ಟು ದಿನ ಇರಬಾರದಿತ್ತೇ ಈ ಮನುಷ್ಯ ಎನಿಸಿತು. ಈಗ ಅಚ್ಯುತಾಪುರಂನಲ್ಲಿ ಮಕ್ಕಳಿಗೆ ಓಟ ಕಲಿಸುವ ಮಾಧವಿಗೆ ಫೋನ್ ಮಾಡಿ, "ಇವತ್ತೇನಮ್ಮ ವಿಶೇಷ ಅಡುಗೆ?" ಎಂದೆ.

 ಮಾಧವಿ ಅಂದಳು:

"ಗೆದ್ದ ದಿನ ಏನ್ ಮಾಡ್ಬೇಕಂತ ನಾನ್ನ ಹೇಳಿಕೊಟ್ಟೇ ಇಲ್ಲಲ್ರಿ ಅಂಕಲ್."